ಗಾಡಿ ಆವರೇಜ್ ಹೆಚ್ಚಿಸೋದು ಹೇಗೆ? ಕಲಬುರಗಿ, ಬೀದರ್ ಕಡೆಯವರು ಹೇಳಿ

ತೊಗರಿನಾಡು:
ಎಲ್ಲರಿಗೂ ಶರಣು. ನಮ್ಮ ಮನೆ ಹುಮನಾಬಾದ್ ರಿಂಗ್ ರೋಡ್ ಹತ್ತಿರ, ಕೆಲಸ ಸೇಡಂ ರಸ್ತೆ ಕಡೆ. ಮನೆಯಲ್ಲಿ ಒಂದು ಪೆಟ್ರೋಲ್ ಕಾರು, ಒಂದು ಹಳೆ ಕಾರ್ಬೊರೇಟರ್ ಬೈಕು ಇದೆ. ಪೆಟ್ರೋಲ್ ನೂರು ರೂಪಾಯಿ ದಾಟಿ ಎಷ್ಟೋ ದಿನ ಆಯ್ತು. ಬೇಸಿಗೆ ಶುರುವಾದರೆ ಸಾಕು, ಎರಡೂ ಗಾಡಿಗಳ ಆವರೇಜ್ ಇಳಿದುಬಿಡುತ್ತದೆ. ಎಲೆಕ್ಟ್ರಿಕ್ ತಗೊಳ್ಳಿ ಅಂತ ದಯವಿಟ್ಟು ಹೇಳಬೇಡಿ, ಈಗ ಅಷ್ಟು ದುಡ್ಡಿಲ್ಲ. ಇರೋ ಗಾಡಿಯನ್ನೇ ಬೇರೆ ರೀತಿ ಓಡಿಸಿದರೆ ಎಷ್ಟು ಉಳಿಯುತ್ತದೆ ಅನ್ನೋದು ನನ್ನ ಪ್ರಶ್ನೆ. ಇಳಿಜಾರಲ್ಲಿ ನ್ಯೂಟ್ರಲ್ ಮಾಡು ಅಂತ ಒಬ್ಬರು ಹೇಳುತ್ತಾರೆ. ಎಸಿ ಬಂದ್ ಇಡು ಅಂತ ಇನ್ನೊಬ್ಬರು. ಬೆಳಿಗ್ಗೆ ತಂಪಲ್ಲೇ ಪೆಟ್ರೋಲ್ ಹಾಕಿಸು ಅಂತ ಮತ್ತೊಬ್ಬರು. ಇದರಲ್ಲಿ ಯಾವುದು ಖರೆ, ಯಾವುದು ಸುಮ್ನೆ ಮಾತು?

ಜಗತ್ ಸರ್ಕಲ್:
ಎಸಿ ಬಂದ್ ಮಾಡಿ, ಬೆಳಿಗ್ಗೆ ಆರಕ್ಕೆ ಪೆಟ್ರೋಲ್ ಹಾಕಿಸಿ. ಮುಗೀತು.

ಬಿಸಿಲೂರಿನವ:
ಮೇ ತಿಂಗಳ ಬಿಸಿಲಲ್ಲಿ ಎಸಿ ಬಂದ್ ಮಾಡಿ ಅಂತೀರಲ್ಲ ಅಣ್ಣಾ, ಹಿಂದಿನ ಸೀಟಲ್ಲಿ ಸಣ್ಣ ಮಕ್ಕಳು, ವಯಸ್ಸಾದವರು ಇರುತ್ತಾರೆ. ಅದು ಉಳಿತಾಯ ಅಲ್ಲ. ಊರೊಳಗೆ ನಿಧಾನ ಹೋಗುವಾಗ ಕಿಟಕಿ ಇಳಿಸಿದರೆ ಸ್ವಲ್ಪ ಉಳಿಯುತ್ತದೆ, ಒಪ್ಪುತ್ತೇನೆ. ಹೈವೇಯಲ್ಲಿ ಕಿಟಕಿ ತೆಗೆದರೆ ಗಾಳಿ ಒಳಗೆ ನುಗ್ಗಿ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಅಲ್ಲಿ ಕಿಟಕಿ ಮುಚ್ಚಿ ಎಸಿ ಹಾಕೋದೇ ಸರಿ.

ನಾನು ಮಾಡೋದು ಇಷ್ಟೇ. ಗಾಡಿ ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತೇನೆ. ಬಿಸಿಲಲ್ಲಿ ನಿಂತಿದ್ದರೆ ಹತ್ತುವ ಮೊದಲು ನಾಲ್ಕೂ ಬಾಗಿಲು ತೆಗೆದು ಒಳಗಿನ ಕಾವು ಹೊರಗೆ ಬಿಡುತ್ತೇನೆ. ಹೊರಟ ಮೇಲೆ ಸ್ವಲ್ಪ ದೂರ ಕಿಟಕಿ ತೆರೆದೇ ಹೋಗಿ, ಆಮೇಲೆ ಎಸಿ. ಒಳಗೆ ಕುದಿಯುತ್ತಿರುವಾಗಲೇ ಎಸಿ ಪೂರ್ತಿ ತಿರುವಿ, ನಿಂತಲ್ಲೇ ಇಂಜಿನ್ ಓಡಿಸಿ ತಂಪು ಮಾಡುವವರನ್ನು ದಿನಾ ನೋಡುತ್ತೇನೆ. ಅಲ್ಲಿ ಗಾಡಿ ಒಂದು ಅಡಿಯೂ ಮುಂದೆ ಹೋಗಿಲ್ಲ, ಪೆಟ್ರೋಲ್ ಮಾತ್ರ ಉರಿಯುತ್ತಿದೆ.

ಬಸ್ ಡ್ರೈವರ್ ಮಗ:
ನಮ್ಮಪ್ಪ ಸಾರಿಗೆ ಬಸ್ ಓಡಿಸುತ್ತಿದ್ದರು. ಡಿಪೋದಲ್ಲಿ ಪ್ರತಿ ಡ್ರೈವರಿನ ಕೆಎಂಪಿಎಲ್ ಲೆಕ್ಕ ಇಡುತ್ತಾರೆ, ಅಂದ್ರೆ ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಕಿಲೋಮೀಟರ್ ಬಂತು ಅಂತ. ಅದೇ ಬಸ್ಸು, ಅದೇ ರೂಟು, ಸೀಟಿನಲ್ಲಿ ಕೂತವರು ಬದಲಾದರೆ ಆ ಅಂಕಿಯೂ ಬದಲಾಗುತ್ತದೆ. ಹಾಗಾಗಿ ತೊಗರಿನಾಡು ಅವರ ಪ್ರಶ್ನೆಗೆ ನನ್ನ ಉತ್ತರ: ಎಸಿ, ಬೆಳಗಿನ ತಂಪು ಎಲ್ಲ ಆಮೇಲೆ. ಮೊದಲು ನಿಮ್ಮ ಬ್ರೇಕ್ ನೋಡಿಕೊಳ್ಳಿ.

ಗಾಡಿಗೆ ವೇಗ ಬರಬೇಕಾದರೆ ಪೆಟ್ರೋಲ್ ಉರಿಯಬೇಕು. ಬ್ರೇಕ್ ಒತ್ತಿದರೆ ಆ ವೇಗವೆಲ್ಲ ಬ್ರೇಕ್ ಪ್ಯಾಡಿನಲ್ಲಿ ಕಾವಾಗಿ ಹೋಗುತ್ತದೆ. ಮತ್ತೆ ಅದೇ ವೇಗಕ್ಕೆ ಬರಲು ಮತ್ತೆ ಪೆಟ್ರೋಲ್. ನಮ್ಮೂರ ಟ್ರಾಫಿಕ್‌ನಲ್ಲಿ ಇದೇ ದಿನವಿಡೀ ನಡೆಯೋದು. ಸೂಪರ್ ಮಾರ್ಕೆಟ್ ಕಡೆಯಿಂದ ಪಟೇಲ್ ಸರ್ಕಲ್ ತನಕ ಒಮ್ಮೆ ಗಮನಿಸಿ. ಮುಂದೆ ಸಿಗ್ನಲ್ ಕೆಂಪು ಅಂತ ಕಾಣುತ್ತಿದ್ದರೂ ಜನ ರೇಸ್ ಕೊಟ್ಟು ಹೋಗಿ ಗಕ್ಕನೆ ನಿಲ್ಲಿಸುತ್ತಾರೆ. ಅಪ್ಪ ದೂರದಲ್ಲಿ ಕೆಂಪು ಕಂಡ ತಕ್ಷಣ ಎಕ್ಸಲೇಟರ್ ಮೇಲಿಂದ ಕಾಲು ತೆಗೆದುಬಿಡುತ್ತಿದ್ದರು. ರಸ್ತೆ ಪಕ್ಕ ಯಾರಾದರೂ ಕೈ ಎತ್ತಿದರೆ ಮುಂದಿನ ಟಂಟಂ ಆಟೋ ಈಗ ನಿಲ್ಲುತ್ತದೆ ಅಂತ ಅವರಿಗೆ ಮೊದಲೇ ಗೊತ್ತಾಗುತ್ತಿತ್ತು. ಟಂಟಂ ನೋಡುತ್ತಿರಲಿಲ್ಲ, ಕೈ ಎತ್ತಿದವರನ್ನು ನೋಡುತ್ತಿದ್ದರು.

ಜಗತ್ ಸರ್ಕಲ್:
ಬಸ್ ಮಾತು ಬೇರೆ ರೀ. ಕಾರಿನಲ್ಲಿ ಮುಂದೆ ಅಷ್ಟು ಜಾಗ ಬಿಟ್ಟರೆ ಮೂರು ಬೈಕು, ಒಂದು ಆಟೋ ಬಂದು ನಡುವೆ ಸೇರುತ್ತವೆ. ಆಮೇಲೆ ಮತ್ತೆ ಬ್ರೇಕೇ.

ಬಸ್ ಡ್ರೈವರ್ ಮಗ:
ಸೇರಲಿ ಬಿಡಿ. ಅವರು ಸೇರಿದರೂ ನೀವು ಅದೇ ಸಿಗ್ನಲ್‌ನಲ್ಲೇ ನಿಲ್ಲೋದು. ಜಾಗ ಇದ್ದರೆ ಬ್ರೇಕ್ ಒತ್ತದೆ ನಿಧಾನ ಆಗಬಹುದು. ಬಾಲಕ್ಕೆ ಅಂಟಿಕೊಂಡು ಹೋದರೆ ಅವರು ಒತ್ತಿದಾಗೆಲ್ಲ ನೀವೂ ಒತ್ತಬೇಕು.

ಯಾದಗಿರಿ ಹುಡುಗ:
ಸಿಗ್ನಲ್‌ನಲ್ಲಿ ಇಂಜಿನ್ ಬಂದ್ ಮಾಡಬೇಕಾ ಬೇಡ್ವಾ? ಮತ್ತೆ ಸ್ಟಾರ್ಟ್ ಮಾಡಲು ಜಾಸ್ತಿ ಪೆಟ್ರೋಲ್ ಬೇಕು ಅಂತ ನಮ್ಮ ಕಡೆ ಹೇಳುತ್ತಾರೆ.

ಶಹಾಬಾದಿ:
ಗ್ಯಾರೇಜ್ ನಡೆಸುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಸ್ಟಾರ್ಟ್ ಮಾಡಲು ಜಾಸ್ತಿ ಬೇಕು ಅನ್ನೋದು ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಿದ್ದ ಕಾಲದ ಮಾತು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ, ಅಂದ್ರೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಬಿಡುವ ಗಾಡಿಗಳಲ್ಲಿ, ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಕಾದರೆ ಬಂದ್ ಮಾಡೋದೇ ಲಾಭ. ಬ್ಯಾಟರಿ ಗಟ್ಟಿ ಇರಬೇಕು ಅಷ್ಟೇ. ಸಿಗ್ನಲ್‌ನಲ್ಲಿ ಸೆಕೆಂಡ್ ತೋರಿಸುತ್ತಿದ್ದರೆ ನೋಡಿ ನಿರ್ಧಾರ ಮಾಡಿ. ರೈಲ್ವೆ ಗೇಟ್ ಬಿದ್ದರೆ ಯೋಚನೆಯೇ ಬೇಡ, ಬಂದ್ ಮಾಡಿ. ಸಣ್ಣ ಕಾರು ಎಸಿ ಹಾಕಿಕೊಂಡು ನಿಂತರೆ ತಾಸಿಗೆ ಲೀಟರ್ ಹತ್ತಿರ ಕುಡಿಯುತ್ತದೆ.

ಇನ್ನೊಂದು, ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ. ಸೇತುವೆ ಏರಿನಲ್ಲಿ ಗಾಡಿ ಹಿಂದೆ ಜಾರದಿರಲಿ ಅಂತ ಹಾಫ್ ಕ್ಲಚ್‌ನಲ್ಲಿ ಹಿಡಿದು ನಿಲ್ಲುತ್ತಾರೆ. ಹ್ಯಾಂಡ್ ಬ್ರೇಕ್ ಯಾಕಿದೆ ಮತ್ತೆ? ಪೆಟ್ರೋಲ್ ಹೋಗೋದು ಒಂದು ಕಡೆ, ಕ್ಲಚ್ ಪ್ಲೇಟ್ ಸುಟ್ಟರೆ ವರ್ಷದ ಉಳಿತಾಯ ನನ್ನಂಥವರ ಕೈಗೆ ಬರುತ್ತದೆ.

ಚೌಬಾರಾ:
ನಾನು ಬೀದರ್‌ನವ, ಕೆಲಸಕ್ಕೆ ಕಲಬುರಗಿಗೆ ಆಗಾಗ ಬರುತ್ತೇನೆ. ಬರುವಾಗ ಆವರೇಜ್ ಚೆನ್ನಾಗಿ ಬರುತ್ತದೆ, ಊರಿಗೆ ಹೋಗುವಾಗ ಕಮ್ಮಿ. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಅದಕ್ಕೇ ಇರಬೇಕು. ಬರುವಾಗ ಇಳಿಜಾರು ಸಿಕ್ಕಲ್ಲೆಲ್ಲ ನ್ಯೂಟ್ರಲ್ ಮಾಡಿ ಫ್ರೀ ಬಿಡುತ್ತೇನೆ. ಒಳ್ಳೆ ಉಳಿತಾಯ ಆಗುತ್ತದೆ.

ಶಹಾಬಾದಿ:
ಅಣ್ಣಾರೆ, ನಿಮ್ಮದು ಇಂಜೆಕ್ಷನ್ ಗಾಡಿ ಆಗಿದ್ದರೆ ಇದು ಉಲ್ಟಾ. ಗೇರಿನಲ್ಲೇ ಇಟ್ಟು ಎಕ್ಸಲೇಟರ್ ಪೂರ್ತಿ ಬಿಟ್ಟರೆ ಗಾಲಿಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಆಗ ಕಂಪ್ಯೂಟರ್ ಪೆಟ್ರೋಲ್ ಬಿಡೋದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದಿರೋ, ಇಂಜಿನ್ ಆರದಿರಲಿ ಅಂತ ಅದು ಮತ್ತೆ ಪೆಟ್ರೋಲ್ ಬಿಡಲೇಬೇಕು.

ಚೌಬಾರಾ:
ಪುಸ್ತಕದಲ್ಲಿ ಸರಿ. ಆದರೆ ಗೇರಿನಲ್ಲಿ ಬಿಟ್ಟರೆ ಗಾಡಿ ಬೇಗ ನಿಧಾನ ಆಗುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಅದನ್ನೂ ಲೆಕ್ಕ ಹಿಡಿಯಿರಿ.

ಶಹಾಬಾದಿ:
ಹಿಡಿದೆ. ಸಣ್ಣ ಇಳಿಜಾರಲ್ಲಿ ನೀವು ಹೇಳಿದ ಹಾಗೆ ದೂರ ಹೋಗುತ್ತದೆ, ಇಲ್ಲ ಅನ್ನಲ್ಲ. ಅಂಥ ಕಡೆ ಟಾಪ್ ಗೇರಿನಲ್ಲೇ ಇಟ್ಟು ಎಕ್ಸಲೇಟರ್ ಮೇಲೆ ಹಗುರ ಕಾಲಿಡಿ, ವ್ಯತ್ಯಾಸ ಬಹಳ ಆಗಲ್ಲ. ದೊಡ್ಡ ಇಳಿಜಾರಲ್ಲಿ ಮಾತ್ರ ನ್ಯೂಟ್ರಲ್ ಬೇಡವೇ ಬೇಡ. ಇಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಲೋಡ್ ಇದ್ದರೆ ಬ್ರೇಕ್ ಕಾದು ಹಿಡಿಯದೇ ಹೋಗಬಹುದು. ಕೆಲವರು ಚಾವಿ ಬಂದ್ ಮಾಡಿಯೇ ಬಿಡುತ್ತಾರೆ, ಅದನ್ನಂತೂ ಮಾಡಲೇಬೇಡಿ. ನಾಲ್ಕು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗ್ ಲಾಕ್ ಬೀಳುವ ಅಪಾಯವೂ ಇದೆ.

ಕೆಂಪುಬಾಳೆ:
ಶಹಾಬಾದಿ ಅಣ್ಣನ ಮಾತು ನೂರಕ್ಕೆ ನೂರು ಖರೆ. ನಮ್ಮ ಕಮಲಾಪುರ ಕಡೆಯ ಏರಿಳಿತದಲ್ಲಿ ಲೋಡ್ ಗಾಡಿಗಳು ಫ್ರೀ ಬಿಟ್ಟುಕೊಂಡು ಬರೋದು ನೋಡಿದರೆ ಎದೆ ಝಲ್ಲೆನ್ನುತ್ತದೆ. ಐವತ್ತು ರೂಪಾಯಿ ಡೀಸೆಲ್‌ಗೆ ಜೀವ ಒತ್ತೆ ಇಡುತ್ತಾರೆ.

ತೊಗರಿನಾಡು:
ನನ್ನ ಬೈಕು ಕಾರ್ಬೊರೇಟರ್. ಅದಕ್ಕೂ ಇದೇ ಲೆಕ್ಕನಾ?

ಶಹಾಬಾದಿ:
ಅಲ್ಲ. ಕಾರ್ಬೊರೇಟರ್‌ಗೆ ಪೆಟ್ರೋಲ್ ನಿಲ್ಲಿಸುವ ಬುದ್ಧಿ ಇಲ್ಲ, ಇಂಜಿನ್ ತಿರುಗುತ್ತಿದ್ದರೆ ಅಷ್ಟಷ್ಟು ಎಳೆದುಕೊಳ್ಳುತ್ತಲೇ ಇರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಬೈಕುಗಳಲ್ಲಿ ಇಂಜೆಕ್ಷನ್ ಇರುತ್ತದೆ, ಅದಕ್ಕಿಂತ ಹಳೇವು ಬಹುತೇಕ ಕಾರ್ಬೊರೇಟರ್.

ನಿಮ್ಮ ಬೈಕಿಗೆ ಒಂದು ಕೆಲಸ ಮಾಡಿ. ದೊಡ್ಡ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಗಾಲಿಯನ್ನು ಕೈಯಿಂದ ಜೋರಾಗಿ ತಿರುಗಿಸಿ. ಒಂದೆರಡು ಸುತ್ತು ಸಲೀಸಾಗಿ ತಿರುಗಬೇಕು. ಸರ್ ಸರ್ ಅಂತ ಸದ್ದು ಬಂದು ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಉಜ್ಜುತ್ತಿದೆ ಅಂತ ಅರ್ಥ. ಅಂದ್ರೆ ನೀವು ಬ್ರೇಕ್ ಹಿಡಿದುಕೊಂಡೇ ಓಡಿಸುತ್ತಿದ್ದೀರಿ. ಹಿಂದೆ ಬ್ರೇಕ್ ರಾಡಿನ ನಟ್ ಸ್ವಲ್ಪ ಸಡಿಲಿಸಿದರೆ ಸಾಕು. ಸಡಿಲಿಸಿದ ಮೇಲೆ ಪೆಡಲ್ ಒತ್ತಿ ಹಿಡಿಯುತ್ತದಾ ಅಂತ ನೋಡಿ. ಹಾಗೇ ಚೈನ್ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ತೀರಾ ಬಿಗಿ ಇರಬಾರದು, ಜೋತು ಬಿದ್ದಿರಲೂ ಬಾರದು. ಒಣಗಿ ಕಿರಿಕಿರಿ ಅನ್ನುತ್ತಿದ್ದರೆ ಎಣ್ಣೆ ಬಿಡಿ.

ಏರ್ ಫಿಲ್ಟರ್ ಕೂಡ ಬಿಚ್ಚಿಸಿ ನೋಡಿ. ನಮ್ಮ ಶಹಾಬಾದ್, ವಾಡಿ ಕಡೆ ಫರ್ಸಿ ಕಲ್ಲಿನ ಪುಡಿ, ಸಿಮೆಂಟ್ ಲಾರಿಗಳ ಧೂಳು. ಫಿಲ್ಟರ್ ಬಿಚ್ಚಿ ನೆಲಕ್ಕೆ ತಟ್ಟಿದರೆ ಬೂದಿ ಹಾಗೆ ಉದುರುತ್ತದೆ. ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಕಾಯಬೇಡಿ. ಫಿಲ್ಟರ್ ಕಟ್ಟಿದರೆ ಕಾರ್ಬೊರೇಟರ್ ಗಾಡಿ ನೇರ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಬಿಸಿಲೂರಿನವ:
ಸ್ಕೂಟಿ ಓಡಿಸೋ ಹೆಣ್ಣುಮಕ್ಕಳಿಗೂ ಇದನ್ನು ಹೇಳಬೇಕು. ಬ್ರೇಕ್ ಹಿಡಿದುಕೊಂಡೇ ರೇಸ್ ಕೊಡುತ್ತಾರೆ.

ಸ್ಕೂಟಿ ಟೀಚರ್:
ಅಣ್ಣಾರೆ, ಬ್ರೇಕ್ ಹಿಡಿದು ರೇಸ್ ಕೊಡುವ ಗಂಡುಮಕ್ಕಳನ್ನೂ ರಾಮಮಂದಿರ ಸರ್ಕಲ್‌ನಲ್ಲಿ ದಿನಾ ನೋಡುತ್ತೇನೆ. ಅದು ಗಂಡು ಹೆಣ್ಣಿನ ಮಾತಲ್ಲ. ಸ್ಕೂಟಿಗೆ ಕ್ಲಚ್ ಇಲ್ಲ. ಜನಸಂದಣಿಯಲ್ಲಿ ತೆವಳುವಾಗ ಎರಡು ಕೈಯೂ ಒಟ್ಟಿಗೆ ಕೆಲಸ ಮಾಡುವ ಅಭ್ಯಾಸ ಯಾರಿಗಾದರೂ ಬರುತ್ತದೆ. ನಾನು ಶಾಲೆಗೆ ಸ್ಕೂಟಿಯಲ್ಲೇ ಹೋಗೋದು. ನಿಂತಲ್ಲಿಂದ ಹೊರಡುವಾಗ ಒಮ್ಮೆಲೇ ತಿರುವದೆ ನಿಧಾನಕ್ಕೆ ವೇಗ ಏರಿಸುತ್ತೇನೆ. 40, 45ರಲ್ಲಿ ಕೈ ಅಲ್ಲಾಡಿಸದೆ ಹಿಡಿಯುತ್ತೇನೆ. ಹಂಪ್ ಎಲ್ಲೆಲ್ಲಿವೆ ಅಂತ ಗೊತ್ತಿರೋದರಿಂದ ಮೊದಲೇ ರೇಸ್ ಬಿಡುತ್ತೇನೆ. ಇದರಿಂದಲೇ ತಿಂಗಳ ಖರ್ಚಿನಲ್ಲಿ ವ್ಯತ್ಯಾಸ ಕಾಣುತ್ತಿದೆ.

ಮತ್ತೆ ಡಿಕ್ಕಿ, ಕಾಲಿಡುವ ಜಾಗ ಎರಡರಲ್ಲೂ ಮನೆ ಸಾಮಾನು ತುಂಬಿಕೊಂಡು ಊರೆಲ್ಲ ಸುತ್ತಬೇಡಿ. ಸಂತೆ ಕೊನೆಗೆ ಮಾಡಿ.

ಬಿಸಿಲೂರಿನವ:
ಸರಿ ಅಕ್ಕಾರೆ, ಎಲ್ಲರಿಗೂ ಅನ್ವಯಿಸುವ ಮಾತು.

ಕೆಂಪುಬಾಳೆ:
ಅಕ್ಕಾರೆ, ನಿಮಗೆ ಶಕ್ತಿ ಯೋಜನೆ ಇದೆಯಲ್ಲ, 2023ರ ಜೂನ್‌ನಿಂದ ಬಸ್ ಫ್ರೀ. ಪೆಟ್ರೋಲ್ ಖರ್ಚೇ ಬೇಡ.

ಸ್ಕೂಟಿ ಟೀಚರ್:
ಊರಿಗೆ, ಗಾಣಗಾಪುರಕ್ಕೆ ಬಸ್ಸಲ್ಲೇ ಹೋಗೋದು. ಶಾಲೆ ಗಂಟೆಗೆ ಸರಿಯಾಗಿ ನಮ್ಮ ಬಡಾವಣೆಗೆ ಬಸ್ ಬಂದರೆ ದಿನಾ ಅದರಲ್ಲೇ ಹೋಗುತ್ತೇನೆ.

ಚೌಬಾರಾ:
ನಮಗೂ 2017ರಲ್ಲಿ ಬೀದರ್–ಕಲಬುರಗಿ ರೈಲು ಆಯ್ತು. ಒಬ್ಬನೇ ಬರೋದಾದರೆ ಅದೇ ಸಸ್ತಾ. ನಾಲ್ಕು ಜನ ಇದ್ದರೆ ಮಾತ್ರ ಕಾರು ತೆಗೆಯುತ್ತೇನೆ.

ಯಾದಗಿರಿ ಹುಡುಗ:
ಇಷ್ಟೆಲ್ಲ ಮಾಡಿದರೂ 20% ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಎಲ್ಲ ತಿಂದುಹಾಕುತ್ತಿದೆ ಅಲ್ವಾ? ನನ್ನ ಬೈಕಿನ ಆವರೇಜ್ ಅರ್ಧಕ್ಕೆ ಇಳಿದಿದೆ.

ಬಸ್ ಡ್ರೈವರ್ ಮಗ:
ಇಳಿಯುತ್ತದೆ, ಆದರೆ ಅರ್ಧಕ್ಕೆ ಇಳಿಯಲ್ಲ ತಮ್ಮಾ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಅದನ್ನು 20% ಬೆರೆಸಿದರೆ ಎಷ್ಟು ಕಮ್ಮಿ ಆಗಬಹುದು ಅಂತ ನೀವೇ ಲೆಕ್ಕ ಹಾಕಿ. 2021ರಲ್ಲಿ ನೀತಿ ಆಯೋಗದ ವರದಿಯಲ್ಲೇ ಹಳೆ ರೀತಿಯ ಕಾರುಗಳಿಗೆ 6–7%, ಬೈಕುಗಳಿಗೆ 3–4% ಇಳಿಯಬಹುದು ಅಂತ ಬರೆದಿದ್ದರು. ಇ20ಗೆ ಹೊಂದಿಸಿದ ಕಾರುಗಳಿಗೆ 1–2%. ನಿಮ್ಮದು ಅರ್ಧಕ್ಕೆ ಇಳಿದಿದ್ದರೆ ಬೇರೆ ಏನೋ ಕೆಟ್ಟಿದೆ. ಮಿಸ್ತ್ರಿಗೆ ತೋರಿಸಿ.

ಜಗತ್ ಸರ್ಕಲ್:
3% ಆದರೂ ನಮ್ಮ ಜೇಬಿಂದಲೇ ಹೋಗೋದಲ್ವಾ? ಎಥನಾಲ್ ಬೆರೆಸಿದ ಮೇಲೆ ರೇಟಾದರೂ ಇಳಿಸಬೇಕಿತ್ತು. ಇದನ್ನು ಯಾರೂ ಕೇಳುತ್ತಿಲ್ಲ.

ಭೀಮಾದಂಡೆ:
ಅಫಜಲಪುರ ಕಡೆಯ ರೈತ. ಎಥನಾಲ್ ಕಬ್ಬು, ಮೆಕ್ಕೆಜೋಳದಿಂದ ಆಗುತ್ತದೆ, ನಮ್ಮಂಥವರ ಬೆಳೆಗೆ ಬೇಡಿಕೆ ಬರುತ್ತದೆ. ಅದನ್ನೂ ನೋಡಿ.

ಜಗತ್ ಸರ್ಕಲ್:
ನಿಮಗೆ ಸಿಗಲಿ ಕಾಕಾ, ಅದಕ್ಕೆ ನನ್ನ ತಕರಾರಿಲ್ಲ. ಗಾಡಿ ಇಟ್ಟವರಿಗೂ ನ್ಯಾಯ ಆಗಲಿ ಅಂತ ಅಷ್ಟೇ.

ಭೀಮಾದಂಡೆ:
ಟ್ರಾಕ್ಟರ್ ಮಾತೂ ಹೇಳಿಬಿಡುತ್ತೇನೆ, ಡೀಸೆಲ್ ಉಳಿಸೋದು ನಮಗೇ ಜಾಸ್ತಿ ಬೇಕಾಗಿದೆ. ಹಗುರ ಕೆಲಸಕ್ಕೂ ಸಣ್ಣ ಗೇರು ಹಾಕಿ ಪೂರ್ತಿ ರೇಸ್ ಕೊಡುವ ಹುಡುಗರಿದ್ದಾರೆ. ಹೊಗೆ ಬಂದರೆ ಗಾಡಿ ದುಡಿಯುತ್ತಿದೆ ಅಂತ ಅಂದುಕೊಳ್ಳುತ್ತಾರೆ. ಖಾಲಿ ಟ್ರಾಲಿ ಎಳೆಯುವಾಗ ದೊಡ್ಡ ಗೇರು, ಕಮ್ಮಿ ರೇಸ್ ಸಾಕು. ಇಂಜಿನ್ ಗುದ್ದಿದ ಹಾಗೆ ಸದ್ದು ಮಾಡಿದರೆ ಮಾತ್ರ ಒಂದು ಗೇರು ಇಳಿಸಬೇಕು. ಎರೆ ಹೊಲದಲ್ಲಿ ಹಸಿ ಇದ್ದಾಗ ಗಾಲಿ ನಿಂತಲ್ಲೇ ತಿರುಗಿದರೆ ಅದೆಲ್ಲ ದಂಡ. ಮಣ್ಣು ಹದಕ್ಕೆ ಬರೋತನಕ ಒಂದೆರಡು ದಿನ ತಡೆದರೆ ಡೀಸೆಲ್ಲೂ ಉಳಿಯುತ್ತದೆ, ಹೊಲವೂ ಕೆಡಲ್ಲ. ಬದುವಿನ ಮೇಲೆ ನಿಂತು ಮಾತಾಡುವಾಗ ಇಂಜಿನ್ ಬಂದ್ ಮಾಡಿರಪ್ಪಾ. ಸೆಲ್ಫ್ ಕೆಟ್ಟಿದೆ, ತಳ್ಳಬೇಕಾಗುತ್ತದೆ ಅಂತ ದಿನವಿಡೀ ಓಡಿಸುತ್ತಾರೆ. ಒಮ್ಮೆ ಸೆಲ್ಫ್ ರಿಪೇರಿ ಮಾಡಿಸಿ.

ತೊಗರಿನಾಡು:
ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ ಪೆಟ್ರೋಲ್ ಹಾಕಿಸುವ ವಿಷಯ ಉಳಿದೇಹೋಯ್ತು.

ಬಿಸಿಲೂರಿನವ:
ಬಂಕಿನ ಟ್ಯಾಂಕ್ ನೆಲದೊಳಗೆ ಆಳದಲ್ಲಿರುತ್ತದೆ. ಮೇಲೆ ಎಷ್ಟೇ ಬಿಸಿಲಿದ್ದರೂ ಒಳಗಿನ ಪೆಟ್ರೋಲಿನ ಕಾವು ದಿನದಲ್ಲಿ ಬಹಳ ಬದಲಾಗಲ್ಲ. ಒಂದು ಡಿಗ್ರಿ ಬದಲಾದರೂ ಪೆಟ್ರೋಲ್ ಹಿಗ್ಗೋದು ಸುಮಾರು 0.1% ಮಾತ್ರ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಅಳತೆ ಬಗ್ಗೆ ಅನುಮಾನ ಬಂದರೆ ಐದು ಲೀಟರಿನ ಅಳತೆ ಕ್ಯಾನ್ ತಂದು ತೋರಿಸಿ ಅಂತ ಕೇಳಿ. ಬಂಕಿನಲ್ಲಿ ಅದು ಇರಲೇಬೇಕು, ಕೇಳೋದು ನಿಮ್ಮ ಹಕ್ಕು. 100 ರೂಪಾಯಿ ಬದಲು 110 ರೂಪಾಯಿಗೆ ಹಾಕಿಸಿದರೆ ಜಾಸ್ತಿ ಬರುತ್ತದೆ ಅನ್ನೋದನ್ನೂ ನಂಬಬೇಡಿ.

ಆವರೇಜ್ ನೋಡೋದಾದರೆ ಮೀಟರ್ ಪರದೆ ನಂಬಿ ಕೂರಬೇಡಿ. ನಳಿಗೆ ತಾನೇ ಕಟ್ ಆಗೋ ತನಕ ತುಂಬಿಸಿ, ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಅದೇ ಬಂಕಿನಲ್ಲಿ ಹಾಗೇ ತುಂಬಿಸಿ ಭಾಗಿಸಿ. ಕಟ್ ಆದ ಮೇಲೆ ಬಾಯಿತನಕ ಒತ್ತಿ ಒತ್ತಿ ತುಂಬಿಸಬೇಡಿ, ನಮ್ಮ ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಜಾಗ ಬೇಕು.

ಕೆಂಪುಬಾಳೆ:
ಹೈವೇ ವೇಗದ ಬಗ್ಗೆ ಯಾರೂ ಹೇಳಲೇ ಇಲ್ಲ. ಕಲಬುರಗಿಯಿಂದ ಹುಮನಾಬಾದ್ ಸುಮಾರು 60 ಕಿಮೀ. 100ರಲ್ಲಿ ಹೋದರೆ 36 ನಿಮಿಷ, 80ರಲ್ಲಿ ಹೋದರೆ 45. ಉಳಿಯೋದು ಒಂಬತ್ತು ನಿಮಿಷ. ಅದಕ್ಕೆ ಕೊಡುವ ಬೆಲೆ ನೋಡಿ: 80ರಿಂದ 100ಕ್ಕೆ ಏರಿದರೆ ಎದುರು ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಮೇಲೆ ಕ್ಯಾರಿಯರ್ ಹಾಕಿ ಗಂಟುಮೂಟೆ ಕಟ್ಟಿದ್ದರೆ ಇನ್ನೂ ಜಾಸ್ತಿ. ಊರಿಗೆ ಹೋಗಿ ಬಂದ ಮೇಲೂ ಖಾಲಿ ಕ್ಯಾರಿಯರ್ ಹಾಗೇ ಬಿಟ್ಟುಕೊಂಡು ಓಡಾಡುತ್ತಾರೆ. ಬಿಚ್ಚಿಡಿ.

ಚೌಬಾರಾ:
ಪಿಸಿಆರ್‌ಎ ಅನ್ನೋ ಇಂಧನ ಉಳಿತಾಯದ ಸರ್ಕಾರಿ ಸಂಸ್ಥೆಯ ಜಾಹೀರಾತಿನಲ್ಲಿ 45ರಿಂದ 55 ಅಂತ ಹೇಳುತ್ತಾರೆ. ಹೈದರಾಬಾದ್ ಹೈವೇಯಲ್ಲಿ 50ರಲ್ಲಿ ಹೋದರೆ ಹಿಂದಿನ ಲಾರಿ ನಮ್ಮ ಮೇಲೇ ಬರುತ್ತದೆ.

ಕೆಂಪುಬಾಳೆ:
ಹೈವೇಯಲ್ಲಿ 50 ಬೇಡ. ಎಡ ಲೇನ್ ಹಿಡಿದು 70, 80ರಲ್ಲಿ ಒಂದೇ ಸಮ ಹೋಗಿ ಅಂತ ನಾನು ಹೇಳೋದು. 100ಕ್ಕೆ ಹೋಗೋದು, ಲಾರಿ ಸಿಕ್ಕರೆ 60ಕ್ಕೆ ಇಳಿಯೋದು, ಮತ್ತೆ ಓವರ್‌ಟೇಕ್ ಮಾಡಿ 100. ಇದಕ್ಕಿಂತ ಅದೇ ಎಷ್ಟೋ ಮೇಲು.

ಯಾದಗಿರಿ ಹುಡುಗ:
ಹವಾ ಎಷ್ಟು ಹಾಕಿಸಬೇಕು? ಬೇಸಿಗೆಯಲ್ಲಿ ಕಮ್ಮಿ ಹಾಕಿಸು, ಟೈರ್ ಒಡೆಯುತ್ತದೆ ಅಂತ ಪಂಕ್ಚರ್ ಅಂಗಡಿಯವರು ಹೇಳಿದರು.

ಶಹಾಬಾದಿ:
ಕಮ್ಮಿ ಮಾಡಬೇಡಿ. ಹವಾ ಕಮ್ಮಿ ಇದ್ದರೆ ಟೈರಿನ ಪಕ್ಕ ಜಾಸ್ತಿ ಬಾಗಿ ಬಾಗಿ ಅದೇ ಕಾಯುತ್ತದೆ, ಒಡೆಯೋದು ಆಗ. ಪೆಟ್ರೋಲೂ ಜಾಸ್ತಿ ಬೇಕು. ಗಾಡಿಯ ಸ್ಟಿಕರ್ ಮೇಲೆ ಎಷ್ಟಿದೆಯೋ ಅಷ್ಟು ಹಾಕಿಸಿ. ಕಾರಿನಲ್ಲಿ ಡ್ರೈವರ್ ಬಾಗಿಲು ತೆಗೆದರೆ ಹೆಚ್ಚಾಗಿ ಅಲ್ಲೇ ಅಂಟಿಸಿರುತ್ತಾರೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿಸಿ. ಮಧ್ಯಾಹ್ನ ಓಡಿಸಿಕೊಂಡು ಬಂದು ನೋಡಿದರೆ ಎರಡು ಮೂರು ಪಾಯಿಂಟ್ ಜಾಸ್ತಿಯೇ ತೋರಿಸುತ್ತದೆ. ಅದನ್ನು ನೋಡಿ ಹವಾ ಬಿಟ್ಟರೆ ರಾತ್ರಿ ತಣ್ಣಗಾದಾಗ ಕಮ್ಮಿ ಬೀಳುತ್ತದೆ.

ಯಾದಗಿರಿ ಹುಡುಗ:
ನೈಟ್ರೋಜನ್ ಹಾಕಿಸಿದರೆ ಆವರೇಜ್ ಬರುತ್ತದಾ?

ಶಹಾಬಾದಿ:
ಸಾದಾ ಹವಾದಲ್ಲೇ 78% ನೈಟ್ರೋಜನ್ ಇದೆ. ನೈಟ್ರೋಜನ್ ಸ್ವಲ್ಪ ನಿಧಾನಕ್ಕೆ ಸೋರುತ್ತದೆ ಅನ್ನೋದು ಬಿಟ್ಟರೆ ಆವರೇಜ್‌ಗೆ ಬೇರೆ ಲಾಭ ಇಲ್ಲ. ಹದಿನೈದು ದಿನಕ್ಕೊಮ್ಮೆ ಸಾದಾ ಹವಾ ನೋಡಿಸಿ. ವಾಲ್ವ್ ಮೇಲಿನ ಸಣ್ಣ ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕಿಸಿ, ಧೂಳು ಕೂತು ಅಲ್ಲಿಂದಲೇ ಸೋರುತ್ತದೆ.